ಎರಡು ಕಡೆ ಗೆದ್ದ ಚಂದ್ರಕ್ಕ

ಹೋದ ವಾರ ಏನೋ ಕೆಲಸದ ಮೇಲೆ ಯಸಳೂರಿಗೆ ಹೋಗಿದ್ದೆ. ವಾಪಸು ಬರುವ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಹೋಟೆಲಿಗೆ ಹೊಕ್ಕು ಒಂದು ಕಾಫಿ ಹೇಳಿ ಕೂತೆ. ಗೋಡೆಯ ಮೇಲಿನ ಟಿವಿಯಲ್ಲಿ ನಾಲ್ಕು ಜನ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಕೂಗಾಡುತ್ತಿದ್ದರು. ವಿಷಯ ಇಷ್ಟೇ: ಚುನಾವಣೆಯಲ್ಲಿ ಒಬ್ಬರೇ ಎರಡು ಕ್ಷೇತ್ರದಲ್ಲಿ ನಿಲ್ಲುವುದನ್ನು ಹೀಗೇ ಬಿಡಬೇಕೋ, ಒಬ್ಬರಿಗೆ ಒಂದೇ ಎಂದು ಕಾನೂನು ತಿದ್ದಬೇಕೋ. ಪಕ್ಕದ ಬೆಂಚಿನಲ್ಲಿದ್ದ ಗೌಡರೊಬ್ಬರು ಲೋಟ ಕುಕ್ಕಿ, "ಎರಡ್ ಕಡೆ ನಿಲ್ಲೋರೆಲ್ಲ ಪುಕ್ಕಲರು ಕಣ್ರೀ. ಗೆದ್ಮೇಲೆ ಒಂದೂರಿನ್ ಜನಕ್ಕೆ ಕೈ ಕೊಟ್ಟು ಹೋಗ್ಬುಡ್ತಾರೆ" ಎಂದರು.

ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯಬೇಕಿತ್ತು. ವಯಸ್ಸಾದ ಮೇಲಾದರೂ ಹಾಗಿರಿ ಎಂದು ನನ್ನ ಹೆಂಡತಿ ದಿನಕ್ಕೆರಡು ಸಲ ಹೇಳುತ್ತಾಳೆ. ಆದರೆ ನನ್ನ ಜಾಯಮಾನವೇ ಬೇರೆ. "ಎಲ್ಲಾರೂ ಹಂಗಲ್ಲ ಬಿಡಿ. ನಮ್ ಕಡೆ ಒಬ್ಬಳು ನಿಂತಿದ್ಲು" ಎಂದು ಶುರು ಮಾಡಿದೆ. "ಯಾರ್ರೀ ಅದು?" ಎಂದು ಅವರು ಇತ್ತ ತಿರುಗುವಷ್ಟರಲ್ಲಿ ಹಾಳು ಬಸ್ಸು ಎಂದೂ ಇಲ್ಲದ ಹಾಗೆ ಹತ್ತು ನಿಮಿಷ ಮೊದಲೇ ಬಂದು ಹಾರನ್ ಹಾಕಿತು. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಸ್ಸು ಕಲ್ಕೊಪ್ಪದ ಎಸ್ಟೇಟಿನ ಬೇಲಿ ಹಿಡಿದು ಸಾಗುವಾಗ ಕಿಟಕಿಯಿಂದ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ವಾಸನೆ ಒಳಗೆ ಬಂತು. ಕಾಫಿ ಹಣ್ಣಿನ ಸಿಪ್ಪೆ ರಾಶಿಬಿದ್ದು ಹುಳಿಯೇರಿದ ವಾಸನೆ ಅದು. ಹೊರಗಿನವರು ಮೂಗು ಮುಚ್ಚುತ್ತಾರೆ. ನಾನು ಅದೇ ವಾಸನೆಯಲ್ಲಿ ಇಪ್ಪತ್ತೆಂಟು ಕೊಯ್ಲು ಕಳೆದವನು. ಆದರೂ ಅದು ಮೂಗಿಗೆ ತಾಕಿದರೆ ನೆನಪಾಗುವುದು ಒಂದೇ ಕೊಯ್ಲು, ಲೋಕವೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷದ್ದು. "ಇಲ್ಲೇ ಇಳೀತೀನಿ, ನಿಲ್ಸಪ್ಪ" ಎಂದುಬಿಟ್ಟೆ. ಟಿಕೆಟ್ ಸಕಲೇಶಪುರದ ತನಕ ಇತ್ತು. ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಸೀಟಿ ಊದಿದ.

ಆಗ ನಾನು ಕಲ್ಕೊಪ್ಪದ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ ಯಾರು ತೋಟದ ಯಾವ ಪಟ್ಟೆಯಲ್ಲಿ ಕಾಫಿ ಕುಯ್ಯಬೇಕೆಂದು ಕಳಿಸುವುದು, ಸಂಜೆ ಹಣ್ಣು ತೂಗಿಸುವುದು ನನ್ನ ಕೆಲಸ. ಮಿಕ್ಕ ಹೊತ್ತಿನಲ್ಲಿ ಊರವರ ಅರ್ಜಿ, ತಕರಾರು, ಆಧಾರ್ ತಿದ್ದುಪಡಿ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಯಾರು ಏನು ಕೇಳಿದರೂ "ಗೊತ್ತಿಲ್ಲ" ಎನ್ನುವ ಅಭ್ಯಾಸ ನನಗಿರಲಿಲ್ಲ. ಆ ದುರ್ಗುಣ ಇಲ್ಲದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಕಲ್ಕೊಪ್ಪಕ್ಕೂ ಬಿದಿರಳ್ಳಿಗೂ ನಡುವೆ ಒಂದು ಹಳ್ಳ. ಬೇಸಗೆಯಲ್ಲಿ ಮಕ್ಕಳು ಚಡ್ಡಿ ಎತ್ತಿಕೊಂಡು ದಾಟುವಷ್ಟೇ ನೀರು. ಮಳೆಗಾಲದಲ್ಲಿ ಅದರ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಊರವರು ಪ್ರತಿ ವರ್ಷ ಎರಡು ಅಡಿಕೆ ಮರ ಕಡಿದು ಜೋಡಿಸಿ ಕಾಲುಸಂಕ ಕಟ್ಟುವುದು, ಹಳ್ಳ ಪ್ರತಿ ವರ್ಷ ಅದನ್ನು ಕೊಚ್ಚಿಕೊಂಡು ಹೋಗುವುದು, ಇದು ಹಬ್ಬ ಬಂದುಹೋದಂತೆ ನಡೆದುಕೊಂಡು ಬಂದಿತ್ತು. ಸಂಕ ಹೋದರೆ ರಸ್ತೆ ಸುತ್ತಿಕೊಂಡು ಹನ್ನೊಂದು ಕಿಲೋಮೀಟರು. ಶಾಲೆ, ಪಡಿತರ ಅಂಗಡಿ ಎರಡೂ ಕಲ್ಕೊಪ್ಪದಲ್ಲಿದ್ದುದರಿಂದ ಬಿದಿರಳ್ಳಿಯವರಿಗೆ ದಾಟದೆ ವಿಧಿಯಿರಲಿಲ್ಲ.

ಪಂಚಾಯಿತಿ ಒಂದೇ, ಆದರೆ ವಾರ್ಡುಗಳು ಬೇರೆ. ಎರಡು ವಾರ್ಡುಗಳ ಗಡಿ ಆ ಹಳ್ಳದ ನಟ್ಟನಡುವೆ ಹಾದುಹೋಗಿತ್ತು. ಕಲ್ಕೊಪ್ಪದಲ್ಲಿ ಎರಡು ಅವಧಿ ಮೆಂಬರ್ ಆಗಿದ್ದ ಬಸವರಾಜು ಸಿಮೆಂಟಿನ ಸಂಕದ ಮಾತು ಬಂದಾಗಲೆಲ್ಲ, "ಅರ್ಧ ಹಳ್ಳ ನಮ್ದಲ್ಲ ಮಾರಾಯ, ಆ ಕಡೆಯೋರು ಮೊದ್ಲು ಕೇಳ್ಲಿ" ಎನ್ನುತ್ತಿದ್ದರು. ಬಿದಿರಳ್ಳಿಯ ಮೆಂಬರೂ ಅದನ್ನೇ ತಿರುಗಿಸಿ ಹೇಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎನ್ನುವುದೇ ನನಗೆ ಸಿಟ್ಟು ಬರಿಸುತ್ತಿದ್ದ ವಿಷಯ.

ಚಂದ್ರಕಲಾ ಹುಟ್ಟಿದ್ದು ಬಿದಿರಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಕಲ್ಕೊಪ್ಪಕ್ಕೆ. ಗಂಡ ಮಂಜ ನಮ್ಮ ಎಸ್ಟೇಟಿನಲ್ಲೇ ಪಲ್ಪರ್ ನಡೆಸುತ್ತಿದ್ದ. ಅವಳು ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಎರಡೂ ಊರಿನ ಹೆಂಗಸರ ರವಿಕೆಯ ಅಳತೆ ಅವಳ ಒಂದು ಹಳೇ ನೋಟ್‌ಬುಕ್ಕಿನಲ್ಲಿತ್ತು. ಆ ವರ್ಷ ಕಾಯಿಲೆಯ ಭಯಕ್ಕೆ ಅಂಗಡಿಗಳೆಲ್ಲ ಮುಚ್ಚಿದಾಗ ಅವಳು ಉಳಿದ ರವಿಕೆ ತುಂಡುಗಳಲ್ಲೇ ಮಾಸ್ಕ್ ಹೊಲಿದು ಎರಡೂ ಊರಿಗೆ ಹಂಚಿದಳು. ದೊಡ್ಡ ಮೀಸೆಯ ಗೌಡರೆಲ್ಲ ಗುಲಾಬಿ ಹೂವಿನ ಮಾಸ್ಕ್ ಹಾಕಿಕೊಂಡು ಗಂಭೀರವಾಗಿ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗಸ್ಟಿನ ಮಳೆಗೆ ಸಂಕ ಕೊಚ್ಚಿಹೋಯಿತು. ಬಸ್ಸು ಇರಲಿಲ್ಲ, ಜೀಪಿನವರು ಹೆದರಿ ಬರುತ್ತಿರಲಿಲ್ಲ. ಬಿದಿರಳ್ಳಿಯವರು ಹಳ್ಳಕ್ಕೆ ಅಡ್ಡ ಹಗ್ಗ ಕಟ್ಟಿ ಪಡಿತರದ ಅಕ್ಕಿ ಎಳೆದುಕೊಂಡರು. ಚಂದ್ರಕ್ಕನ ತಾಯಿ ಅಲ್ಲಿ ಮಗನ ಮನೆಯಲ್ಲಿದ್ದರು, ಸಕ್ಕರೆ ಕಾಯಿಲೆ. ಪಡಿತರ ಮುಗಿದ ಮೇಲೆ ಹಗ್ಗ ಬಿಚ್ಚಿಡುತ್ತಿದ್ದುದರಿಂದ ಇವಳು ಮಾತ್ರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ಲು ಕಟ್ಟಿ, ಈ ದಡದಿಂದ ಎಸೆಯುತ್ತಿದ್ದಳು. ಎರಡು ಸಲ ಸರಿಯಾಗಿ ಬಿತ್ತು. ಮೂರನೇ ಸಲ ನಾನೂ ಅಲ್ಲಿದ್ದೆ. ಪೊಟ್ಟಣ ನೀರಿಗೆ ಬಿತ್ತು. ಆ ದಡದಲ್ಲಿ ಕೊಡೆ ಹಿಡಿದು ನಿಂತಿದ್ದ ಮುದುಕಿ ಕೈಯಾಡಿಸಿ, ಪರವಾಗಿಲ್ಲ, ಮನೆಗೆ ಹೋಗು ಎಂದು ಸನ್ನೆ ಮಾಡಿದರು. ಅದನ್ನು ನೋಡಿ ಚಂದ್ರಕ್ಕ ಒದ್ದೆ ಕಲ್ಲಿನ ಮೇಲೆ ಕೂತು ಅತ್ತಳು.

ಕಾಫಿ ಕೆಂಪಾಗುವ ಹೊತ್ತಿಗೆ ಪಂಚಾಯಿತಿ ಚುನಾವಣೆ ಬಂತು. ಎರಡೂ ವಾರ್ಡಿನಲ್ಲಿ ಆ ಸಲ ಮಹಿಳಾ ಮೀಸಲು. ಒಂದು ಸಂಜೆ ನಾನು ಹಣ್ಣು ತೂಗಿಸುತ್ತಿದ್ದಾಗ ಚಂದ್ರಕ್ಕ ಎಸ್ಟೇಟಿನ ಸ್ಟೋರ್ ಬಾಗಿಲಿಗೆ ಬಂದಳು.

"ರೈಟ್ರೇ, ನಾನು ನಿಲ್ತೀನಿ. ಎಲ್ಲಿ ನಿಲ್ಲಾನ?"

"ಎಲ್ಲಿ ಅಂದ್ರೆ? ಕಲ್ಕೊಪ್ಪದಾಗೆ. ನಿಂಗೆ ಓಟಿರೋದು ಇಲ್ಲೇ ತಾನೆ?"

"ಇಲ್ಲಿ ನಿಂತ್ರೆ ನಾಳೆ ನಂಗೂ ಅದೇ ಹೇಳ್ತಾರೆ, ಅರ್ಧ ಹಳ್ಳ ನಿಂದಲ್ಲ ಅಂತ. ಅಲ್ಲಿ ನಿಂತ್ರೂ ಅಷ್ಟೇಯ."

"ಹಂಗಾದ್ರೆ ಎರಡೂ ಕಡೆ ನಿಂತ್ಕೊ. ಇಡೀ ಹಳ್ಳ ನಿಂದೇ ಆಗ್ತದೆ" ಎಂದೆ ನಾನು, ದೊಡ್ಡ ವಕೀಲನ ಹಾಗೆ.

ಗಾಳಿ ಮಾತಲ್ಲ ಅದು. ಮರುದಿನವೇ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದೆ. ಪಂಚಾಯಿತಿಯಲ್ಲಿ ಓಟಿದ್ದರೆ ಅದರ ಯಾವ ವಾರ್ಡಿನಲ್ಲಾದರೂ ನಿಲ್ಲಬಹುದು, ಎರಡು ಕಡೆಯೂ ನಿಲ್ಲಬಹುದು ಎಂದರು. ನಿಲ್ಲಬಹುದೇ ಎಂದಷ್ಟೇ ಕೇಳಿದೆ. ಎರಡೂ ಕಡೆ ಗೆದ್ದರೆ ಏನು ಗತಿ ಎಂದು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಕಡೆಯಾದರೂ ಠೇವಣಿ ಉಳಿದರೆ ಸಾಕಪ್ಪ ದೇವರೇ ಎನ್ನುವ ಪರಿಸ್ಥಿತಿ ನಮ್ಮದು. ದಿನಾ ಹಾಜರಿ ಬರೆಯುವವನಿಗೆ, ಒಬ್ಬರ ಹೆಸರನ್ನು ಒಂದೇ ದಿನ ಎರಡು ಕಡೆ ಬರೆಯುವ ಹಾಗಿಲ್ಲ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಚಿಹ್ನೆ ಹಂಚಿದ ದಿನ ಮೊದಲ ಪೇಚು ಶುರುವಾಯಿತು. ಕಲ್ಕೊಪ್ಪದಲ್ಲಿ ಅವಳಿಗೆ ಹೊಲಿಗೆ ಯಂತ್ರ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಬಿದಿರಳ್ಳಿಯಲ್ಲಿ ಅದೇ ಚಿಹ್ನೆಯನ್ನು ಎದುರಾಳಿಯೂ ಕೇಳಿದ್ದಳು. ಚೀಟಿ ಎತ್ತಿದಾಗ ಹೊಲಿಗೆ ಯಂತ್ರ ಆಕೆಯ ಪಾಲಾಯಿತು, ನಮ್ಮವಳಿಗೆ ಕುಕ್ಕರ್. ಇಪ್ಪತ್ತು ವರ್ಷ ಮಿಷನ್ ತುಳಿದ ಹೆಂಗಸು ತವರಿನಲ್ಲಿ ಮನೆಮನೆಗೆ ಹೋಗಿ, "ದಮ್ಮಯ್ಯ, ಮಿಷನ್‌ಗೆ ಒತ್ಬೇಡಿ, ಅದು ನಂದಲ್ಲ" ಎಂದು ಕೈ ಮುಗಿಯಬೇಕಾಯಿತು. ಒಬ್ಬ ಅಜ್ಜ ಕೇಳಿದ, "ಕುಕ್ಕರ್ ಕುಕ್ಕರ್ ಅಂತೀಯಲ್ಲ, ನಿನ್ ಮನೇಲಿ ಕುಕ್ಕರ್ ಐತೇನವ್ವ?"

"ಇಲ್ಲ ಕಣಜ್ಜ."

"ಮತ್ತೆ?"

"ಗೆದ್ರೆ ತಗತೀನಿ."

ಹಗಲು ಕಾಫಿ ಕುಯ್ಯುವವರ ಹಿಂದೆ ಗಿಡದ ಸಾಲಿನಲ್ಲೇ ನಡೆದು ಓಟು ಕೇಳುತ್ತಿದ್ದಳು. ಆಳುಗಳ ಕೈ ನಿಲ್ಲದಿರಲೆಂದು ತಾನೂ ಹಣ್ಣು ಕಿತ್ತು ಅವರ ಬುಟ್ಟಿಗೆ ಹಾಕುತ್ತ ಮಾತಾಡುತ್ತಿದ್ದಳು. ಮಂಜ ಮಾತ್ರ ಪಲ್ಪರ್ ಪಕ್ಕ ನಿಂತು ಗೊಣಗುತ್ತಿದ್ದ. "ರೈಟ್ರೇ, ಒಂದ್ ಕಡೆ ಸೋತಿದ್ರೆ ತಡ್ಕೋಬೋದಿತ್ತು. ನೀವು ಎರಡ್ ಕಡೆ ಸೋಲಂಗೆ ಮಾಡ್ಬುಟ್ರಿ. ಇನ್ನು ಅತ್ತೆ ಮನೆಗೂ ಹೋಗಂಗಿಲ್ಲ." ಕಲ್ಕೊಪ್ಪದಲ್ಲಿ ಎದುರಿಗೆ ನಿಂತಿದ್ದವರು ಬಸವರಾಜು ಹೆಂಡತಿ ಸುಮಿತ್ರಮ್ಮ. ಒಳ್ಳೆಯ ಹೆಂಗಸು, ಆದರೆ ಕರಪತ್ರದಲ್ಲಿ ಅವರ ಫೋಟೋಗಿಂತ ಗಂಡನ ಫೋಟೋ ದೊಡ್ಡದಿತ್ತು. ಚುನಾವಣೆ ಶುರುವಾದ ದಿನದಿಂದ ಅವರು ಚಂದ್ರಕ್ಕನಿಗೆ ಹೊಲಿಯಲು ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರು.

ಶುಕ್ರವಾರ ಸಕಲೇಶಪುರದಲ್ಲಿ ಎಣಿಕೆ. ಮಧ್ಯಾಹ್ನ ಬಿದಿರಳ್ಳಿಯ ಫಲಿತಾಂಶ ಬಂತು, ಕುಕ್ಕರ್ ಗೆದ್ದಿತ್ತು. ನಾವು ಕುಣಿದಾಡಿ, ಸಿಹಿ ತರಲು ಮಂಜನನ್ನು ಕಳಿಸಿ, ಇನ್ನೇನು ಹೊರಡಬೇಕು ಎನ್ನುವಾಗ ಕಲ್ಕೊಪ್ಪದ್ದೂ ಬಂತು. ಹೊಲಿಗೆ ಯಂತ್ರವೂ ಗೆದ್ದಿತ್ತು. ಮಂಜ ಲಾಡು ಹಿಡಿದುಕೊಂಡು ಬಂದವನು ಹೆಂಡತಿಯ ಮುಖ ನೋಡುತ್ತ ನಿಂತುಬಿಟ್ಟ.

ಚುನಾವಣಾಧಿಕಾರಿ ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ನಗುತ್ತ ಅಭಿನಂದನೆ ಹೇಳಿ, ಒಂದು ನೋಟೀಸು ಮುಂದಿಟ್ಟರು. "ಎರಡರಲ್ಲಿ ಒಂದನ್ನು ಉಳಿಸಿಕೊಂಡು ಒಂದನ್ನು ಬಿಡಬೇಕು ಮೇಡಂ. ಸೋಮವಾರ ಸಂಜೆ ಐದೂವರೆಯೊಳಗೆ ಬರೆದುಕೊಡಿ. ಕೊಡದಿದ್ದರೆ ಎರಡೂ ಸ್ಥಾನ ಖಾಲಿಯಾಗುತ್ತೆ."

ಚಂದ್ರಕ್ಕ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಜನ ಯಾಕೆ ಹೀಗೆ ಓಟು ಹಾಕಿದರು ಎನ್ನುವುದು ಆಮೇಲೆ ಒಬ್ಬೊಬ್ಬರ ಬಾಯಿಂದ ಹೊರಬಿತ್ತು. ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಲ್ಕೊಪ್ಪದವರು ಅಂದುಕೊಂಡದ್ದು ಇದು: ಪಾಪ, ಮದುವೆ ಮಾಡಿ ಕಳಿಸಿದ ಹೆಣ್ಣಿಗೆ ತವರಿನವರು ಯಾಕೆ ಓಟು ಹಾಕುತ್ತಾರೆ, ಅಲ್ಲಂತೂ ಸೋಲುತ್ತಾಳೆ, ನಾವಾದರೂ ಹಾಕೋಣ. ಬಿದಿರಳ್ಳಿಯವರು ಅಂದುಕೊಂಡದ್ದು: ಪಾಪ, ಸೊಸೆಯ ಮಾತನ್ನು ಗಂಡನ ಊರಿನವರು ಎಲ್ಲಿ ಕೇಳಿದ್ದಾರೆ, ಅಲ್ಲಂತೂ ಸೋಲುತ್ತಾಳೆ, ನಾವೇ ಕೈ ಹಿಡಿಯೋಣ. ಎರಡೂ ಊರು ಇನ್ನೊಂದು ಊರನ್ನು ಕೀಳಾಗಿ ಎಣಿಸಿ, ಅವಳ ಮೇಲೆ ಮರುಕಪಟ್ಟು, ಅವಳನ್ನು ಗೆಲ್ಲಿಸಿಬಿಟ್ಟಿದ್ದವು.

ಈಗ ಎರಡೂ ಊರಿಗೆ ಅವಳು ಬೇಕು. ಬಿದಿರಳ್ಳಿಯ ಹೆಂಗಸರು ಅವಳನ್ನು ಕರೆಸಿ, ಬಾಣಂತನ ಮುಗಿಸಿ ಹೊರಟ ಮಗಳಿಗೆ ತುಂಬುವಂತೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿ ಕಳಿಸಿದರು. ಸುದ್ದಿ ಈ ದಡಕ್ಕೆ ಬರಲು ತಡವಾಗಲಿಲ್ಲ. "ಮಡ್ಲಕ್ಕಿ ಕೊಟ್ಟು ಮೆಂಬರ್‌ನ ಕಟ್ಟಾಕ್ಬುಟ್ರು" ಎಂದು ಕಲ್ಕೊಪ್ಪದವರು ಕಾಫಿ ಒಣಗಿಸುವ ಕಣದಲ್ಲಿ ಸಭೆ ಸೇರಿದರು. ಸೊಸೆಯಾಗಿ ಬಂದ ಮೇಲೆ ಇದೇ ಊರು, ಇದರಲ್ಲಿ ಮಾತೇ ಇಲ್ಲ ಎಂದು ತೀರ್ಮಾನಿಸಿದರು. ಆ ಕಡೆ ಅವಳ ಅಣ್ಣ ರುದ್ರ ಫೋನ್ ಮಾಡಿ, "ನೀನು ಈ ಕಡೆ ಬಿಟ್ರೆ ಅವ್ವನ ಮುಖ ಹೆಂಗೆ ನೋಡ್ತೀಯ?" ಎಂದು ಕೇಳಿದ. ಎರಡೂ ಕಡೆಯವರಿಗಿದ್ದ ಭಯ ಒಂದೇ. ಬಿಟ್ಟುಕೊಟ್ಟ ವಾರ್ಡಿಗೆ ಮತ್ತೆ ಚುನಾವಣೆಯಾಗುತ್ತದೆ, ಹಳಬರ ಕಡೆಯವರೇ ಬರುತ್ತಾರೆ, ಅರ್ಧ ಹಳ್ಳ ನಮ್ಮದಲ್ಲ ಎನ್ನುವ ಹಳೇ ರಾಗ ಶುರುವಾಗುತ್ತದೆ. ಆಗ ಸಂಕವೂ ಇಲ್ಲ, ಏನೂ ಇಲ್ಲ.

ಅವಳು ಮಿಷನ್ ತುಳಿಯುತ್ತ ಕೂತಳು. ಶನಿವಾರ ಹೋಯಿತು, ಭಾನುವಾರ ಹೋಯಿತು. ನಾನು ತಪ್ಪಿತಸ್ಥ, ಸುಮ್ಮನೆ ಕೂರಲಾಗದೆ ಎರಡು ಪತ್ರ ಬರೆದೆ. ಕಲ್ಕೊಪ್ಪ ಬಿಡುವುದಾದರೆ ಬಲ ಜೇಬಿನದು, ಬಿದಿರಳ್ಳಿ ಬಿಡುವುದಾದರೆ ಎಡ ಜೇಬಿನದು. ಸೋಮವಾರ ಮಧ್ಯಾಹ್ನ ಹೋಗಿ ನೋಡಿದರೆ ಅವಳು ಯಾರದೋ ಮದುವೆ ರವಿಕೆಗೆ ಗುಂಡಿ ಹಾಕುತ್ತಿದ್ದಾಳೆ. ನನಗೆ ನೆತ್ತಿಗೇರಿತು.

"ಏನಮ್ಮ, ಎರಡೂ ಸೀಟು ಹಳ್ಳಕ್ಕೆ ಹಾಕಾನ ಅಂತ ಮಾಡಿದೀಯಾ?"

"ಒಂದೇ ಒಂದು ಗುಂಡಿ ಐತೆ, ತಡೀರಿ ರೈಟ್ರೇ" ಎಂದಳು. ಗುಂಡಿ ಹಾಕಿ, ದಾರ ಕಚ್ಚಿ ತುಂಡರಿಸಿ, ಸೀರೆ ಕೊಡವಿಕೊಂಡು ಎದ್ದಳು. "ನಡೀರಿ. ಮೊದ್ಲು ಸುಮಿತ್ರಕ್ಕನ ಮನೆಗೆ."

ಹನೀಫಣ್ಣನ ಜೀಪು ಹೇಳಿಟ್ಟಿದ್ದೆ. ಸಕಲೇಶಪುರದವರು, ಮೆಣಸು ಕೊಳ್ಳಲು ವಾರಕ್ಕೆರಡು ಸಲ ನಮ್ಮ ಕಡೆ ಬರುತ್ತಿದ್ದರು. ಸುಮಿತ್ರಮ್ಮನ ಮನೆ ಎಂದಾಗ ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ಸುಮಿತ್ರಮ್ಮ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಬಸವರಾಜು ತೋಟಕ್ಕೆ ಹೋಗಿದ್ದರು. ನಮ್ಮನ್ನು ನೋಡಿ ಅವರು ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಅಕ್ಕ, ನಾನು ಕಲ್ಕೊಪ್ಪ ಬಿಡ್ತಾ ಇದೀನಿ" ಎಂದಳು ಚಂದ್ರಕ್ಕ. ನನ್ನ ಕೈ ತಾನಾಗಿ ಬಲ ಜೇಬು ಮುಟ್ಟಿತು. "ನೀವು ಮತ್ತೆ ನಿಂತ್ಕೊಳ್ಳಿ. ನಾನು ಯಾರನ್ನೂ ಎದ್ರಿಗೆ ನಿಲ್ಸಲ್ಲ. ನಾನೇ ಮನೆಮನೆಗೂ ಬಂದು ನಿಮ್ಗೆ ಓಟು ಕೇಳ್ತೀನಿ."

"ಸಂಕದ್ದು ತಾನೆ?" ಎಂದರು ಸುಮಿತ್ರಮ್ಮ, ಮೆಣಸಿನಿಂದ ಕೈ ತೆಗೆಯದೆ.

"ಹೂಂ. ಈ ಕಡೆ ಅರ್ಧ ನೀವು ಕೇಳಿ, ಆ ಕಡೆ ಅರ್ಧ ನಾನು ಕೇಳ್ತೀನಿ. ಒಂದೇ ದಿನ, ಒಂದೇ ಮೀಟಿಂಗ್‌ನಾಗೆ."

"ನಮ್ ಮನೆಯೋರು ಒಪ್ಪಲ್ಲ ಕಣೆ."

"ಮೆಂಬರ್ ನೀವಾದ್ರೆ ಒಪ್ಬೇಕಾಗಿರೋದು ನೀವು ತಾನೇ ಅಕ್ಕ?"

ಸುಮಿತ್ರಮ್ಮ ಮೆಣಸು ಹರಡುತ್ತಲೇ ಇದ್ದರು. ನಾನು ಗಡಿಯಾರ ನೋಡಿದೆ. ಆಮೇಲೆ ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಮುಗಿಯಿತು, ಇನ್ನು ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಒಂದು ರವಿಕೆ ಬಟ್ಟೆಯಿತ್ತು, ಹಸಿರು ಬಣ್ಣದ್ದು.

"ಹೊಲ್ದಿಡು. ಪ್ರಮಾಣವಚನಕ್ಕೆ ಬೇಕಾಗ್ತದೆ. ಅಳತೆ ಹಳೇದೇ."

ಚಂದ್ರಕ್ಕ ಬಟ್ಟೆಯನ್ನು ಎದೆಗೊತ್ತಿಕೊಂಡು ಜೀಪು ಹತ್ತಿದಳು.

ಅರ್ಧ ದಾರಿಯಲ್ಲಿ ಅರಣ್ಯ ಇಲಾಖೆಯವರು ಕೈ ಅಡ್ಡ ಹಿಡಿದರು. ಆನೆಗಳು ತೋಟದಿಂದ ರಸ್ತೆಗೆ ಇಳಿಯುತ್ತಿವೆ, ದಾಟುವ ತನಕ ಯಾರನ್ನೂ ಬಿಡುವುದಿಲ್ಲ ಎಂದರು. ಗಂಟೆ ನಾಲ್ಕಾಗಿತ್ತು. ನಾನು ಇಳಿದು ಅವರ ಹತ್ತಿರ ಚುನಾವಣೆ, ನೋಟೀಸು, ಐದೂವರೆ ಎಂದೆಲ್ಲ ಭಾಷಣ ಮಾಡಿದ್ದಾಯಿತು. "ಸಾರ್, ಅದನ್ನ ಆನೆಗೆ ಹೇಳಿ" ಎಂದ ಒಬ್ಬ. ಹನೀಫಣ್ಣ ಎಂಜಿನ್ ಆರಿಸಿ, "ಅವಸರ ಮಾಡ್ಬೇಡಿ ರೈಟರ್ ಸಾಹೇಬ್ರೇ, ಅವುಗಳ ಜೊತೆ ಮರಿ ಐತಂತೆ" ಎಂದು ಕಡಲೆಕಾಯಿ ಪೊಟ್ಟಣ ಬಿಚ್ಚಿದರು.

ಆಗ ನಾನು ಅವಳನ್ನು ಕೇಳಿದೆ. "ಎಲ್ಲಾ ಬಿಟ್ಟು ನೀನಿರೋ ಊರನ್ನೇ ಯಾಕಮ್ಮ ಬಿಟ್ಟೆ? ತವರು ಅಂತಾನಾ?"

"ಅಲ್ಲ ರೈಟ್ರೇ. ಕಲ್ಕೊಪ್ಪ ಇಟ್ಕೊಂಡ್ರೆ ನಾನು ಜಗ್ಲಿ ಬಿಟ್ಟು ಏಳಂಗೇ ಇಲ್ಲ. ಎಲ್ಲಾರೂ ಮನೆ ಬಾಗ್ಲಿಗೇ ಬರ್ತಾರೆ. ಬಸವರಾಜಣ್ಣಾರು ಕೆಟ್ಟೋರಲ್ಲ. ಅವ್ರಿಗೆ ಹಳ್ಳ ದಾಟೋ ಕೆಲ್ಸಾನೇ ಇರ್ಲಿಲ್ಲ, ಅದಕ್ಕೆ ಸಂಕ ಬೇಕು ಅನ್ನಿಸ್ಲಿಲ್ಲ. ನಾನೂ ಎರಡ್ ವರ್ಷ ಕೂತ್ರೆ ಅಂಗೇ ಆಗ್ಬುಡ್ತೀನಿ. ಬಿದಿರಳ್ಳಿ ಮೆಂಬರ್ ಆದ್ರೆ ದಿನಾ ದಾಟ್ಲೇಬೇಕು. ದಿನಾ ದಾಟೋಳು ಮರೆಯಕ್ಕೆ ಆಗಲ್ಲ."

ಅವಳು ಮೂರು ದಿನ ಮಿಷನ್ ತುಳಿಯುತ್ತ ಯೋಚಿಸಿದ್ದು ಇದನ್ನು. ನಾನು ಅಷ್ಟು ದಿನ ಯಾವ ಊರಿನವರಿಗೆ ಏನೆಂದು ಸಮಾಧಾನ ಹೇಳಬೇಕು ಎಂದಷ್ಟೇ ಲೆಕ್ಕ ಹಾಕಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಎಡ ಜೇಬಿನ ಪತ್ರವನ್ನು ಅಲ್ಲೇ ಹರಿದೆ.

ಆನೆಗಳು ದಾಟಿದವು, ನಡುವೆ ಮರಿ, ಯಾರ ಗಡುವಿನ ಹಂಗೂ ಇಲ್ಲದೆ. ಹನೀಫಣ್ಣ ಆಮೇಲೆ ಜೀಪು ಓಡಿಸಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಕಚೇರಿಯ ಮೆಟ್ಟಿಲು ಹತ್ತುವಾಗ ಐದು ಇಪ್ಪತ್ತು. ಯಾಕೆ ಬಿಡುತ್ತಿದ್ದೇವೆ ಎಂದು ನಾನು ಒಂದು ಪುಟ ಕಾರಣ ಬರೆದಿದ್ದೆ. ಅಧಿಕಾರಿ ಮೊದಲ ಎರಡು ಸಾಲು ಓದಿ, "ಕಾರಣ ಬೇಕಾಗಿಲ್ಲ ಸರ್, ಸಹಿ ಸಾಕು" ಎಂದರು. ಚಂದ್ರಕ್ಕ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು. ಇಷ್ಟಕ್ಕೇ ಮೂರು ದಿನ ನಿದ್ದೆಗೆಟ್ಟೆನಲ್ಲ ಎಂದುಕೊಂಡೆ.

ಕಲ್ಕೊಪ್ಪದವರು ಸಿಟ್ಟಾದರು, ಆಗಲೇಬೇಕಲ್ಲ. ಕೆಲವು ಹೆಂಗಸರು ಅವಳಿಗೆ ಬಟ್ಟೆ ಕೊಡದೆ ಪೇಟೆಗೆ ಹೊತ್ತರು. ತೋಳು ಬಿಗಿಯಾಯಿತು, ಕತ್ತು ಅಗಲವಾಯಿತು ಎಂದು ತಿಂಗಳೊಳಗೆ ಅದೇ ಬಟ್ಟೆ ಹಿಡಿದುಕೊಂಡು ಅವಳ ಜಗಲಿಗೇ ವಾಪಸು ಬಂದರು. ಮರುಚುನಾವಣೆಗೆ ಅವಳು ಮಾತು ಕೊಟ್ಟಂತೆ ಮನೆಮನೆಗೆ ಹೋದಳು. ಕೊನೆಗೆ ಬೇರೆ ಯಾರೂ ನಾಮಪತ್ರ ಹಾಕಲಿಲ್ಲ, ಸುಮಿತ್ರಮ್ಮ ಅವಿರೋಧವಾಗಿ ಬಂದರು. ಹಸಿರು ರವಿಕೆ ತೊಟ್ಟು ಪ್ರಮಾಣವಚನ ತೆಗೆದುಕೊಂಡರು. ಮೊದಲ ಸಭೆಗೆ ಬಸವರಾಜು ಹೆಂಡತಿಯ ಜೊತೆ ಬಂದು ಪಕ್ಕದ ಕುರ್ಚಿ ಎಳೆದಾಗ, "ನೀವು ಹೊರ್ಗಡೆ ಕೂತಿರಿ, ನಾನು ಬರ್ತೀನಿ" ಎಂದರಂತೆ ಸುಮಿತ್ರಮ್ಮ.

ಸಂಕ ಆ ಕೂಡಲೇ ಆಗಲಿಲ್ಲ. ಅರ್ಜಿ, ಅಳತೆ, ಅಂದಾಜು ಎಂದು ಎರಡು ಮಳೆಗಾಲ ಕಳೆಯಿತು. ಆ ಎರಡು ಮಳೆಗಾಲವೂ ಚಂದ್ರಕ್ಕ ಅಡಿಕೆ ಮರದ ಮೇಲೆ ಕಾಲಿಟ್ಟು ದಾಟಿದಳು, ಅದು ಕೊಚ್ಚಿಹೋದಾಗ ಹನ್ನೊಂದು ಕಿಲೋಮೀಟರು ಸುತ್ತಿ ಬಿದಿರಳ್ಳಿಗೆ ಹೋದಳು. ದಾರಿಯಲ್ಲಿ ಕಾಲಿಗೆ ಮೆತ್ತಿದ ಕೆಸರನ್ನು ಹಾಗೇ ಇಟ್ಟುಕೊಂಡು ಪಂಚಾಯಿತಿ ಸಭೆಗೆ ಬರುತ್ತಿದ್ದಳು. ಕಾಮಗಾರಿಯ ಫಾರಂನಲ್ಲಿ ವಾರ್ಡ್ ಎನ್ನುವ ಕಡೆ ಒಂದೇ ಹೆಸರಿಗೆ ಜಾಗವಿತ್ತು. ಇಬ್ಬರು ಮೆಂಬರುಗಳೂ ಅಕ್ಕಪಕ್ಕ ಕೂತು ಅದೇ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಎರಡೂ ಹೆಸರು ಬರೆಸಿದರು. ಮೂರನೇ ಬೇಸಗೆಯಲ್ಲಿ ಸಿಮೆಂಟಿನ ಕಂಬ ಎದ್ದಿತು. ಉದ್ಘಾಟನೆಯ ದಿನ ಬಸವರಾಜು ಇಡೀ ಸಂಕ ತಮ್ಮದೇ ಎನ್ನುವ ಹಾಗೆ ಓಡಾಡಿದರು. ಯಾರೂ ಬೇಡವೆನ್ನಲಿಲ್ಲ. ಆ ಜುಲೈನಲ್ಲಿ ಚಂದ್ರಕ್ಕನ ತಾಯಿ ಕೊಡೆ ಹಿಡಿದು, ಮೊಮ್ಮಗನ ಭುಜದ ಮೇಲೆ ಕೈಯಿಟ್ಟು, ಸಂಕ ದಾಟಿ ಬಂದು ಮಗಳ ಜಗಲಿಯಲ್ಲಿ ಕೂತರು. ಮಗಳ ಮದುವೆಯಾದ ಮೇಲೆ ಮಳೆಗಾಲದಲ್ಲಿ ಅವರು ಆ ಮನೆಗೆ ಬಂದದ್ದು ಅದೇ ಮೊದಲು. ಚಂದ್ರಕ್ಕ ಹೊಸ ಕುಕ್ಕರಿನಲ್ಲಿ ಅನ್ನ ಮಾಡಿ ಬಡಿಸಿದಳು. ಸೀಟಿಯ ಸದ್ದಿಗೆ ಮುದುಕಿ ಬೆಚ್ಚಿ, "ಇದ್ಯಾವ ರೈಲು ಬಂತೇ?" ಎಂದರು.

ನಾನು ಮರುವರ್ಷ ಕೆಲಸ ಬಿಟ್ಟು ಆಲೂರಿಗೆ ಬಂದು ನೆಲೆಸಿದೆ. ಹೋದ ವಾರ ಬಸ್ಸಿಳಿದವನು ಪಲ್ಪರ್ ವಾಸನೆ ಹಿಡಿದುಕೊಂಡು ಹಳ್ಳದ ಕಡೆ ನಡೆದೆ. ಸಂಕ ಗಟ್ಟಿಯಾಗಿಯೇ ಇದೆ, ಅಂಚಿನ ಕಂಬಿ ಮಾತ್ರ ಅಲ್ಲಲ್ಲಿ ತುಕ್ಕು ಹಿಡಿದಿದೆ. ನೋಡುತ್ತ ನಿಂತಿದ್ದಾಗ ಆ ಕಡೆಯಿಂದ ಚಂದ್ರಕ್ಕ ಬಂದಳು. ಕೂದಲು ಬೆಳ್ಳಗಾಗಿದೆ, ನಡಿಗೆಯ ಬಿರುಸು ಹಾಗೇ ಇದೆ.

"ಅಯ್ಯೋ ರೈಟ್ರೇ, ನಿಮ್ಮನ್ನೇ ನೆನೆಸ್ಕಂತಿದ್ದೆ. ಚುನಾವಣೆ ಬರ್ತೈತಂತೆ. ಎರಡು ಫಾರಂ ತುಂಬ್ಕೊಡ್ಬೇಕು."

"ಎರಡಾ?" ಎಂದೆ. "ತಾಯಿ, ಒಂದ್ಸಲ ಅನುಭವಿಸಿದ್ದು ಸಾಲ್ದಾ? ಆ ಸೋಮವಾರ ನಂಗೆ ಈಗ್ಲೂ ಕನಸಿನಾಗೆ ಬರ್ತದೆ."

ಅವಳು ಸಂಕದ ಕಂಬಿ ಹಿಡಿದುಕೊಂಡು ನಕ್ಕಳು. "ನನ್ ಹೆಸ್ರಲ್ಲಿ ಒಂದೇ. ನಾನು ಈ ಸಲ ಕಲ್ಕೊಪ್ಪಕ್ಕೆ ನಿಲ್ತೀನಿ. ಆವತ್ತು ಬಿಟ್ಟೋಗಿದ್ದೆ, ಋಣ ಐತಲ್ಲ."

"ಮತ್ತೆ ಇನ್ನೊಂದು?"

"ಸುಮಿತ್ರಕ್ಕಂಗೆ. ಅವ್ರು ಬಿದಿರಳ್ಳಿಗೆ ನಿಲ್ತಾರೆ. ನಾನು ಹೇಳಿದ್ದಲ್ಲ, ಅವ್ರೇ ಕೇಳಿದ್ದು. ಸಂಕದ ಕಂಬಿ ಹಾಳಾಗೈತೆ, ದಿನಾ ದಾಟೋರು ಯಾರಾದ್ರೂ ಬೇಕು ಅಂದ್ರು."

ಆಲೂರಿಗೆ ಬಂದವನೇ ತಾಲ್ಲೂಕು ಕಚೇರಿಗೆ ಹೋಗಿ ಚುನಾವಣಾ ನಿಯಮದ ಪುಸ್ತಕ ಕೇಳಿ ತಂದಿದ್ದೇನೆ. ಈ ಸಲ ಕೊನೆಯ ಪುಟದ ತನಕ ಓದುತ್ತಿದ್ದೇನೆ.